ಕಲಾಂಚೋ ಸೊಂಪಾಗಿದೆ, ಮೊಗ್ಗು ಮಾತ್ರ ಇಲ್ಲ

ಪ್ರಶ್ನೆ (ನವೆಂಬರ್ 20)
ಕಳೆದ ಜನವರಿಯಲ್ಲಿ ನರ್ಸರಿಯಿಂದ ಕೆಂಪು ಹೂವಿನ ಕಲಾಂಚೋ ತಂದಿದ್ದೆ. ಎರಡು ತಿಂಗಳು ಗೊಂಚಲು ಗೊಂಚಲಾಗಿ ಅರಳಿತ್ತು. ಆಮೇಲೆ ಬರೀ ಎಲೆ. ಬೆಂಗಳೂರು, ಮೂರನೇ ಮಹಡಿ, ಪೂರ್ವದ ಬಾಲ್ಕನಿ. ಬೆಳಗ್ಗೆ 4 ಗಂಟೆ ಬಿಸಿಲು. ಮಣ್ಣು ಒಣಗಿದ ಮೇಲೆಯೇ ನೀರು. ಎರೆಗೊಬ್ಬರ, ಮೂಳೆ ಪುಡಿ, ಬಾಳೆಹಣ್ಣಿನ ಸಿಪ್ಪೆಯ ನೀರು ಎಲ್ಲವೂ ಆಯಿತು. ‘ಒಂದು ಸಲ ಹೂ ಬಿಟ್ಟರೆ ಮುಗಿಯಿತು, ಕಿತ್ತು ಎಸೆಯಿರಿ’ ಎನ್ನುತ್ತಾರೆ ಪಕ್ಕದ ಮನೆಯವರು. ನಿಜವೇ?

ಉತ್ತರ
ಸುಳ್ಳು. ಎಸೆಯಬೇಡಿ. ರಾತ್ರಿ ಆ ಬಾಲ್ಕನಿಯಲ್ಲಿ ಬೆಳಕು ಇರುತ್ತದೆಯೇ?

ಪ್ರಶ್ನೆ ಕೇಳಿದವರು
ನಮ್ಮ ದೀಪ ಹತ್ತೂವರೆಗೆ ಆರುತ್ತದೆ. ಬೀದಿದೀಪ ಮಾತ್ರ ಸರಿಯಾಗಿ ಎದುರಿಗೇ ಇದೆ. ನಡುರಾತ್ರಿಯಲ್ಲೂ ಅಲ್ಲಿ ಪತ್ರಿಕೆ ಓದಬಹುದು.

ಉತ್ತರ
ಹಾಗಾದರೆ ಕಾರಣ ಸಿಕ್ಕಿತು. ಮಡಗಾಸ್ಕರ್ ಮೂಲದ ಈ ಗಿಡ ರಾತ್ರಿಯ ಉದ್ದ ಅಳೆದು ಮೊಗ್ಗು ಕಟ್ಟುತ್ತದೆ. ಕತ್ತಲು 12 ಗಂಟೆಗಿಂತ ಹೆಚ್ಚಾಗಿ, ನಡುವೆ ಮುರಿಯದೆ, ವಾರಗಟ್ಟಲೆ ಸಿಗಬೇಕು. ಡಿಸೆಂಬರಿನಲ್ಲೂ ಬೆಂಗಳೂರಿನ ರಾತ್ರಿ ಹನ್ನೆರಡೂವರೆ ಗಂಟೆಯ ಆಸುಪಾಸು ಅಷ್ಟೇ. ಇದ್ದುದೇ ಸ್ವಲ್ಪ, ಅದನ್ನೂ ಬೀದಿದೀಪ ಕದಿಯುತ್ತಿದೆ. ನರ್ಸರಿಯವರು ಕಪ್ಪು ಹೊದಿಕೆ ಎಳೆದು ಈ ಕತ್ತಲನ್ನು ತಾವೇ ಮಾಡಿಕೊಳ್ಳುತ್ತಾರೆ.

ನೀವು ಒಂದು ರಟ್ಟಿನ ಪೆಟ್ಟಿಗೆ ತನ್ನಿ. ಸಂಜೆ 6ಕ್ಕೆ ಕವುಚಿ, ಬೆಳಗ್ಗೆ 8ಕ್ಕೆ ತೆಗೆಯಿರಿ. ಆರು ವಾರ, ಒಂದು ದಿನವೂ ತಪ್ಪದೆ. ಹಗಲು ಬಿಸಿಲು ಎಂದಿನಂತೆ ಬೇಕು. ಗೊಬ್ಬರ ಈಗ ನಿಲ್ಲಿಸಿ. ಸಾರಜನಕ ಹೆಚ್ಚಾದರೆ ಎಲೆಯೇ ಬೆಳೆಯುತ್ತದೆ.

ಇನ್ನೊಬ್ಬರು
ನನ್ನ ಗಿಡದ ಎಲೆಗಳ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆಗಳಿವೆ. ಇದಕ್ಕೂ ಕತ್ತಲೆಯೇ ಮದ್ದೇ?

ಉತ್ತರ
ಅಲ್ಲ, ಅದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ನೋಡಿ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಗಿಡವನ್ನು ಎತ್ತರದಲ್ಲಿಡಿ; ತಿಂದರೆ ವಿಷ.

ಪ್ರಶ್ನೆ ಕೇಳಿದವರು (ಡಿಸೆಂಬರ್ 24)
ತಿಂಗಳಾಯಿತು, ಏನೂ ಇಲ್ಲ. ದಿನವೂ ಮಲಗುವ ಮುನ್ನ ಪೆಟ್ಟಿಗೆ ಎತ್ತಿ, ಮೊಬೈಲ್ ಟಾರ್ಚ್ ಹಾಕಿ, ತುದಿಯೆಲೆಗಳನ್ನು ಬಿಡಿಸಿ ನೋಡುತ್ತಿದ್ದೇನೆ.

ಉತ್ತರ
ಅಯ್ಯೋ, ಬೀದಿದೀಪದ ಕೆಲಸವನ್ನು ನೀವೇ ವಹಿಸಿಕೊಂಡಿದ್ದೀರಿ! ನಡುರಾತ್ರಿ ಬಿದ್ದ ಸ್ವಲ್ಪ ಹೊತ್ತಿನ ಬೆಳಕೂ ಅದರ ಲೆಕ್ಕ ಕೆಡಿಸಬಲ್ಲದು. ಇವತ್ತಿನಿಂದ ಆರು ವಾರ ಹೊಸದಾಗಿ ಎಣಿಸಿ. ನೋಡುವುದಿದ್ದರೆ ಬೆಳಗ್ಗೆ ನೋಡಿ.

ಪ್ರಶ್ನೆ ಕೇಳಿದವರು (ಫೆಬ್ರವರಿ 9)
ಪೆಟ್ಟಿಗೆಯ ಮೇಲೆ ಮಗಳು ‘ಅಪ್ಪ ಮುಟ್ಟಬಾರದು’ ಎಂದು ಬರೆದು ಅಂಟಿಸಿದ್ದಳು. ಇವತ್ತು ಬೆಳಗ್ಗೆ ತುದಿಯ ಎರಡು ಎಲೆಗಳ ನಡುವೆ ಸಾಸಿವೆ ಕಾಳಿನಷ್ಟು ಹಸಿರು ಗುಂಡುಗಳು, ಎಣಿಸಿದರೆ ಹನ್ನೊಂದು. ಪೆಟ್ಟಿಗೆ ಇನ್ನೂ ಬೇಕೇ?

ಉತ್ತರ
ಬೇಡ, ಮೊಗ್ಗು ಕಟ್ಟಿದ ಮೇಲೆ ಬೀದಿದೀಪಕ್ಕೆ ಹೆದರಬೇಕಿಲ್ಲ. ಅರಳಲು ಇನ್ನೂ ಕೆಲವು ವಾರ ಹಿಡಿಯುತ್ತದೆ. ಹೂ ಬಾಡಿದ ಮೇಲೆ ತೊಟ್ಟನ್ನು ಬುಡದ ಎಲೆಯವರೆಗೆ ಕತ್ತರಿಸಿಬಿಡಿ.