ಇಂಪಲ್ಸ್ ಕಂಟ್ರೋಲ್ ಸಮಸ್ಯೆ: ಮಿದುಳಿನ ಕಡೆಯಿಂದ ನೋಡಬೇಕು, ಎಲ್ಲಿಂದ ಶುರು ಮಾಡಲಿ?

ಪುಸ್ತಕಹುಳು:
ನಮಸ್ಕಾರ. ಸೈಕಾಲಜಿ ಎಂಎಸ್ಸಿ ಕೊನೇ ವರ್ಷದಲ್ಲಿದ್ದೇನೆ. ಬೇಡ ಅಂತ ಗೊತ್ತಿದ್ದರೂ ತಡೆದುಕೊಳ್ಳಲಾಗದೆ ಮಾಡಿಬಿಡುತ್ತಾರಲ್ಲ, ಜೂಜು, ಕಳ್ಳತನದ ಗೀಳು, ಏಕಾಏಕಿ ಸಿಟ್ಟು, ಅದರ ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತಿದೆ. ಆಗ ಮಿದುಳಿನಲ್ಲಿ ಏನು ನಡೆಯುತ್ತದೆ ಅನ್ನುವುದೇ ನನ್ನ ಪ್ರಶ್ನೆ. ಓದಲು ಕೂತರೆ ಎಲ್ಲ ಕಡೆ ಒಂದೇ ಮಾತು: ಮಿದುಳಿನ ಮುಂಭಾಗ ಬ್ರೇಕು, ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಆಕ್ಸಿಲರೇಟರ್, ಇವರಿಗೆ ಬ್ರೇಕು ಸವೆದಿದೆ. ಇಷ್ಟು ಸರಳಾನಾ? ನನಗೆ ಎಂಆರ್‌ಐ ಸಿಗುವುದಿಲ್ಲ. ಪ್ರಶ್ನಾವಳಿ ಕೊಟ್ಟರೆ ಸಾಕಾ, ಕಂಪ್ಯೂಟರ್ ಟಾಸ್ಕ್ ಬೇಕಾ? ರೋಗಿಗಳನ್ನೇ ಹುಡುಕಬೇಕಾ?

ಇಲಿಲ್ಯಾಬ್:
ಬ್ರೇಕಿನ ಕಥೆ ಪೂರ್ತಿ ಸುಳ್ಳಲ್ಲ. ಆದರೆ ಅದನ್ನೇ ಹಿಡಿದು ಹೊರಟರೆ ದಾರಿ ತಪ್ಪುತ್ತೀರಿ. ಮೊದಲು ಯಾವ ತಡೆ ಅಂತ ತೀರ್ಮಾನ ಮಾಡಿ. ಆಗಲೇ ಶುರುವಾದ ಕೆಲಸವನ್ನು ನಡುವೆ ನಿಲ್ಲಿಸುವುದು ಒಂದು, ಸಮಯ ಬರುವ ತನಕ ಕಾಯುವುದು ಇನ್ನೊಂದು, ಈಗ ಸಿಗುವ ಸಣ್ಣದನ್ನು ಬಿಟ್ಟು ಆಮೇಲೆ ಸಿಗುವ ದೊಡ್ಡದನ್ನು ಆರಿಸುವುದು ಮತ್ತೊಂದು. ಹೊರಗಿನಿಂದ ಮೂರಕ್ಕೂ ದುಡುಕು ಅಂತಲೇ ಹೆಸರು. ಒಳಗೆ ಕೆಲಸ ಮಾಡುವ ಜಾಲಗಳು ಅಲ್ಲಲ್ಲಿ ಹೆಣೆದುಕೊಂಡಿದ್ದರೂ ಒಂದೇ ಅಲ್ಲ.

ನಿಲ್ಲಿಸುವುದಕ್ಕೆ ಸ್ಟಾಪ್ ಸಿಗ್ನಲ್ ಟಾಸ್ಕ್ ಇದೆ. ಪರದೆ ಮೇಲೆ ಬಾಣ ಬಂದರೆ ಬಟನ್ ಒತ್ತಬೇಕು, ಆಗೊಮ್ಮೆ ಈಗೊಮ್ಮೆ ಬಾಣದ ಹಿಂದೆಯೇ ಬೀಪ್ ಬರುತ್ತದೆ, ಬಂದರೆ ಒತ್ತಬಾರದು. ನಿಲ್ಲಿಸಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ, ನಿಂತಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ ನೋಡಿ. ಒತ್ತುವ ಪ್ರಕ್ರಿಯೆಗೂ ನಿಲ್ಲಿಸುವ ಪ್ರಕ್ರಿಯೆಗೂ ಓಟದ ಪಂದ್ಯ, ಮೊದಲು ಮುಗಿದದ್ದು ಗೆಲ್ಲುತ್ತದೆ ಅಂತ ಇಟ್ಟುಕೊಂಡು ಅದನ್ನು ಲೆಕ್ಕ ಹಾಕಿ ತೆಗೆಯುವ ರೇಸ್ ಮಾದರಿಯನ್ನು ಲೋಗನ್ ಮತ್ತು ಕೋವನ್ 1984ರಲ್ಲಿ ಕೊಟ್ಟರು. ಆರೋಗ್ಯವಂತ ಯುವಕರಲ್ಲಿ ಸುಮಾರು 200ರಿಂದ 250 ಮಿಲಿಸೆಕೆಂಡ್. 2003ರಲ್ಲಿ ಏರನ್ ತಂಡ ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರಿಗೆ ಇದೇ ಟಾಸ್ಕ್ ಕೊಟ್ಟಿತು. ಬಲಗಡೆಯ ಕೆಳ ಮುಂಭಾಗದಲ್ಲಿ ಹಾನಿ ಜಾಸ್ತಿ ಇದ್ದಷ್ಟೂ ನಿಲ್ಲಿಸುವುದು ತಡವಾಗುತ್ತಿತ್ತು. ಅಲ್ಲಿಂದ ಮಿದುಳಿನ ಆಳದಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗೆ ಸುದ್ದಿ ಹೋಗಿ ಚಲನೆ ನಿಲ್ಲುತ್ತದೆ ಅನ್ನುವುದು ಚಾಲ್ತಿಯಲ್ಲಿರುವ ವಿವರಣೆ. ಆ ಜಾಗ ನಿಲ್ಲಿಸುವುದಕ್ಕಲ್ಲ, ಬೀಪ್‌ನಂಥ ಮುಖ್ಯ ಸೂಚನೆಯನ್ನು ಗಮನಿಸುವುದಕ್ಕೆ ಅಂತ ವಾದಿಸುವವರೂ ಇದ್ದಾರೆ. ಆ ಜಗಳ ಇನ್ನೂ ಮುಗಿದಿಲ್ಲ.

ಕಾಯುವುದು ನನ್ನ ಇಷ್ಟದ ವಿಷಯ, ಇಲಿಗಳ ಜೊತೆ ಕೆಲಸ ಮಾಡುವವನು ನಾನು. ಐದು ತೂತುಗಳಲ್ಲಿ ಒಂದರಲ್ಲಿ ದೀಪ ಹತ್ತಿದಾಗ ಇಲಿ ಅಲ್ಲಿ ಮೂಗು ತೂರಿಸಬೇಕು. ಕೆಲವು ಇಲಿಗಳು ದೀಪ ಹತ್ತುವ ಮೊದಲೇ ತೂರಿಸುತ್ತವೆ, ಎಷ್ಟು ಕಲಿಸಿದರೂ ಅಷ್ಟೇ. 2007ರಲ್ಲಿ ಡಾಲಿ ಮತ್ತು ಸಂಗಡಿಗರು ಅಂಥ ಇಲಿಗಳನ್ನು ಸ್ಕ್ಯಾನ್ ಮಾಡಿದರು. ಮಿದುಳಿನ ಆಳದಲ್ಲಿರುವ, ಬಹುಮಾನ ಮತ್ತು ಚಲನೆಗೆ ಸಂಬಂಧಿಸಿದ ಸ್ಟ್ರಯೇಟಮ್‌ನ ಕೆಳಭಾಗದಲ್ಲಿ ಡಿ2, ಡಿ3 ಬಗೆಯ ಡೋಪಮಿನ್ ಗ್ರಾಹಕಗಳು (ಡೋಪಮಿನ್ ಹಿಡಿಯುವ ಜಾಗಗಳು) ಕಡಿಮೆ ಇದ್ದವು. ಅದೂ ಕೊಕೇನ್ ಮುಟ್ಟುವ ಮೊದಲೇ. ಆಮೇಲೆ ಕೊಕೇನ್ ಕೈಗೆ ಸಿಕ್ಕಾಗ ಇವೇ ಜಾಸ್ತಿ ತೆಗೆದುಕೊಂಡವು. ಚಟದಿಂದ ಮಿದುಳು ಬದಲಾಯಿತೋ, ಬೇರೆ ಥರ ಇದ್ದ ಮಿದುಳಿಗೆ ಚಟ ಅಂಟಿತೋ ಅನ್ನುವ ಪ್ರಶ್ನೆ ಮನುಷ್ಯರಲ್ಲಿ ಬಿಡಿಸುವುದು ಬಲು ಕಷ್ಟ. ಇಲ್ಲಿ ಯಾವುದು ಮೊದಲು ಅಂತಲಾದರೂ ಗೊತ್ತಾಯಿತು.

ನರವಿಭಾಗ:
ಡೋಪಮಿನ್ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಪಾರ್ಕಿನ್ಸನ್ ರೋಗಿಗಳಿಗೆ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಥರದ, ಡೋಪಮಿನ್ ಹಾಗೆಯೇ ಕೆಲಸ ಮಾಡುವ ಮಾತ್ರೆ ಕೊಡುತ್ತೇವೆ. ಜೀವನದಲ್ಲಿ ಜೂಜಾಡದವರು ಕೆಲವರು ಇದನ್ನು ಶುರು ಮಾಡಿದಮೇಲೆ ಜೂಜಿಗೆ ಬೀಳುತ್ತಾರೆ, ಇನ್ನು ಕೆಲವರಿಗೆ ಖರೀದಿ ಹುಚ್ಚು, ತಿನ್ನುವ ಹುಚ್ಚು, ಮಿತಿಮೀರಿದ ಲೈಂಗಿಕ ಆಸೆ. 2010ರಲ್ಲಿ ಬಂದ 3090 ರೋಗಿಗಳ ಅಧ್ಯಯನದಲ್ಲಿ ಈ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಶೇ 17.1 ಮಂದಿಗೆ ಇಂಥ ತೊಂದರೆ ಇತ್ತು, ತೆಗೆದುಕೊಳ್ಳದವರಲ್ಲಿ ಶೇ 6.9. ಹಾಗಂತ ಮಾತ್ರೆಯೊಂದೇ ಕಾರಣ ಅನ್ನುವ ಹಾಗಿಲ್ಲ, ಅದೇ ಮಾತ್ರೆ ನುಂಗುವ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ವಯಸ್ಸು ಕಡಿಮೆ ಇರುವುದು, ಮನೆಯಲ್ಲಿ ಜೂಜಿನ ಇತಿಹಾಸ ಇರುವುದು, ಇವೂ ಅಪಾಯ ಹೆಚ್ಚಿಸುತ್ತವೆ. (ಈ ಮಾತ್ರೆ ತೆಗೆದುಕೊಳ್ಳುವ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನೀವೇ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ನಾಚಿಕೆ ಬಿಟ್ಟು ಹೇಳಿ.)

ರೋಗಿಗಳ ಬಗ್ಗೆ ಕೇಳಿದಿರಿ. ಕಳ್ಳತನದ ಗೀಳು ಇರುವವರು ಬೆರಳೆಣಿಕೆಯಷ್ಟು ಸಿಗುತ್ತಾರೆ, ಸಿಕ್ಕವರಿಗೆ ಖಿನ್ನತೆಯೋ ಇನ್ನೇನೋ ಜೊತೆಗಿರುತ್ತದೆ, ಅದಕ್ಕೆ ಮಾತ್ರೆ ಬೇರೆ. ಎಂಎಸ್ಸಿ ಪ್ರಾಜೆಕ್ಟ್‌ಗೆ ಅದು ಬೇಡ. ಅಂದಹಾಗೆ ಮನೋರೋಗಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ‑5ರಲ್ಲಿ ಜೂಜನ್ನು ಇಂಪಲ್ಸ್ ಕಂಟ್ರೋಲ್ ಗುಂಪಿನಿಂದ ತೆಗೆದು ಚಟಗಳ ಗುಂಪಿಗೆ ಸೇರಿಸಿದ್ದಾರೆ. ಹಳೇ ಪೇಪರ್ ಓದುವಾಗ ನೋಡಿಕೊಳ್ಳಿ.

ಸರಾಸರಿ:
ಯಾರೂ ಹೇಳದ ಕಹಿ ಮಾತು ನಾನು ಹೇಳುತ್ತೇನೆ. ಪ್ರಶ್ನಾವಳಿಯಲ್ಲಿ 'ನಾನು ಯೋಚಿಸದೆ ಮಾಡಿಬಿಡುತ್ತೇನೆ' ಅಂದವರು ಸ್ಟಾಪ್ ಸಿಗ್ನಲ್‌ನಲ್ಲಿ ನಿಧಾನ ಇರುತ್ತಾರೆ ಅಂದುಕೊಂಡಿದ್ದರೆ ಮರೆತುಬಿಡಿ. ಇವೆರಡರ ನಡುವಿನ ನಂಟು ತುಂಬಾ ಸಡಿಲ, ಒಂದಾದಮೇಲೊಂದು ಅಧ್ಯಯನದಲ್ಲಿ ಇದೇ ಕಂಡಿದೆ. ಒಂದು ಕಾರಣ ಲೆಕ್ಕದ್ದು. ಈ ಟಾಸ್ಕ್‌ಗಳನ್ನು ಎಲ್ಲರಲ್ಲೂ ಒಂದೇ ಪರಿಣಾಮ ಬರಲಿ ಅಂತ ಕಟ್ಟಿದ್ದಾರೆ. ಎಲ್ಲರೂ ಒಂದೇ ಥರ ಮಾಡಿದರೆ ಪ್ರಯೋಗಕ್ಕೆ ಒಳ್ಳೆಯದು, ಜನರ ನಡುವಿನ ವ್ಯತ್ಯಾಸ ಹುಡುಕುವವರಿಗೆ ನಷ್ಟ. 2018ರಲ್ಲಿ ಹೆಡ್ಜ್ ಮತ್ತು ಸಂಗಡಿಗರು ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದರು.

ಎಂಆರ್‌ಐ ಸಿಗಲಿಲ್ಲ ಅಂತ ಬೇಜಾರೂ ಬೇಡ. ಇಡೀ ಮಿದುಳಿನ ಸ್ಕ್ಯಾನ್‌ಗೂ ಜನರ ವರ್ತನೆಗೂ ನಂಟು ಹುಡುಕುವುದಾದರೆ ನಂಬುವಂಥ ಉತ್ತರಕ್ಕೆ ಸಾವಿರಾರು ಜನ ಬೇಕು ಅಂತ 2022ರಲ್ಲಿ ಮಾರೆಕ್ ತಂಡ ತೋರಿಸಿತು. ಇಪ್ಪತ್ತು ಜನರ ಸ್ಕ್ಯಾನ್ ನೋಡಿ 'ದುಡುಕಿನ ಜಾಗ ಸಿಕ್ಕಿತು' ಅನ್ನುವ ಪೇಪರ್‌ಗಳನ್ನು ನಾನು ಈಗ ಓದುವುದೇ ಇಲ್ಲ.

ಪುಸ್ತಕಹುಳು:
ತುಂಬಾ ಥ್ಯಾಂಕ್ಸ್, ಸ್ವಲ್ಪ ಹೆದರಿಕೆಯೂ ಆಯಿತು. ಸರಿ, ನಿಲ್ಲಿಸುವುದನ್ನೇ ತೆಗೆದುಕೊಳ್ಳುತ್ತೇನೆ. ಡಿಪಾರ್ಟ್‌ಮೆಂಟಿನಲ್ಲಿ ಇಇಜಿ (ತಲೆಯ ಮೇಲಿಂದ ಮಿದುಳಿನ ವಿದ್ಯುತ್ ಅಲೆ ಅಳೆಯುವ ಯಂತ್ರ) ಇದೆ. ಒಂದೇ ಗುಂಪು ತೆಗೆದುಕೊಂಡು, ನಿಲ್ಲಿಸಲು ಆದ ಸಲಕ್ಕೂ ಆಗದ ಸಲಕ್ಕೂ ವ್ಯತ್ಯಾಸ ನೋಡಿದರೆ ನಡೆಯುತ್ತಾ?

ಇಲಿಲ್ಯಾಬ್:
ನಡೆಯುತ್ತದೆ, ನನ್ನ ಕೇಳಿದರೆ ಇದೇ ಸರಿ. ಒಬ್ಬರನ್ನು ಅವರ ಜೊತೆಗೇ ಹೋಲಿಸುತ್ತೀರಿ, ಸರಾಸರಿಯವರು ಹೇಳಿದ ತಲೆನೋವು ಬಹಳಷ್ಟು ಕಡಿಮೆಯಾಗುತ್ತದೆ. ನಿಲ್ಲಿಸುವ ಆಟವೆಲ್ಲ ಕಾಲು ಸೆಕೆಂಡಿನೊಳಗೆ ಮುಗಿಯುತ್ತದೆ. ಎಫ್‌ಎಂಆರ್‌ಐನಲ್ಲಿ ರಕ್ತದ ಹರಿವು ಏರಿ ತುದಿ ಮುಟ್ಟಲು ಐದಾರು ಸೆಕೆಂಡ್ ಬೇಕು, ಇಇಜಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಹಿಡಿಯುತ್ತದೆ. ಬೀಪ್ ಆದಮೇಲೆ ಇಇಜಿಯಲ್ಲಿ ಕಾಣುವ ಪಿ3 ಅನ್ನುವ ಅಲೆ ಯಾವಾಗ ಏಳಲು ಶುರುವಾಗುತ್ತದೆ ಅಂತ ನೋಡಿ, ನಿಲ್ಲಿಸಲು ಆದಾಗ ಅದು ಸ್ವಲ್ಪ ಬೇಗ ಶುರುವಾಗುತ್ತದೆ.

ಟಾಸ್ಕ್ ಕಟ್ಟುವ ಮೊದಲು ಈ ಕ್ಷೇತ್ರದವರೆಲ್ಲ ಸೇರಿ 2019ರಲ್ಲಿ ಕೊಟ್ಟ ಮಾರ್ಗಸೂಚಿ ಓದಿ. ಒಬ್ಬೊಬ್ಬರಿಗೂ ಕನಿಷ್ಠ 50 ಸಲ ಬೀಪ್ ಬರಬೇಕು, ಒಟ್ಟು ಸರದಿಗಳಲ್ಲಿ ಬೀಪ್ ಬರುವುದು ಶೇ 25ರಷ್ಟು ಇರಲಿ.

ಸರಾಸರಿ:
ಇನ್ನೊಂದು. ಬೀಪ್ ಬರುತ್ತೆ ಅಂತ ಗೊತ್ತಾದ ಕೂಡಲೇ ಜನ ಬಾಣ ನೋಡಿ ಸುಮ್ನೆ ಕಾಯಲು ಶುರು ಮಾಡುತ್ತಾರೆ, ಆಗ ರೇಸ್ ಲೆಕ್ಕವೇ ಕೆಡುತ್ತದೆ. 'ಕಾಯಬೇಡಿ, ಕೆಲವು ಸಲ ನಿಲ್ಲಿಸಲು ಆಗುವುದೇ ಇಲ್ಲ, ಅದು ಸಹಜ' ಅಂತ ಮೊದಲೇ ಹೇಳಿ. ನಡುವೆ ಬಿಡುವು ಕೊಟ್ಟಾಗಲೆಲ್ಲ ಅವರ ಸರಾಸರಿ ವೇಗ ಪರದೆ ಮೇಲೆ ತೋರಿಸಿ, ನಿಧಾನವಾಗಿದ್ದರೆ ಇನ್ನೊಮ್ಮೆ ಹೇಳಿ.