ಪ್ರಶ್ನೋತ್ತರ: ಮೂತ್ರಪಿಂಡ ಕಾಯಿಲೆ ಇದೆ ಎಂದ ಮೇಲೆ ಊಟ, ನೀರು, ಉಪ್ಪು

ನಿರ್ವಾಹಕ: ಮೂತ್ರಪಿಂಡ ರೋಗಿಗಳ ಪಥ್ಯವನ್ನೇ ವೃತ್ತಿಯಾಗಿಸಿಕೊಂಡಿರುವ ಆಹಾರತಜ್ಞೆಯೊಬ್ಬರು ಈ ವಾರ ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆಯ ಜೊತೆಗೆ ವಯಸ್ಸು, ತೂಕ, ಇಜಿಎಫ್‌ಆರ್ (ಮೂತ್ರಪಿಂಡ ರಕ್ತವನ್ನು ಎಷ್ಟು ಸೋಸುತ್ತಿದೆ ಎಂಬ ಅಂದಾಜು ಅಂಕಿ), ರಕ್ತದ ಪೊಟ್ಯಾಸಿಯಂ, ಮಾತ್ರೆಗಳ ಹೆಸರು, ಕಾಲಿನಲ್ಲಿ ಊತ ಇದೆಯೇ ಇಲ್ಲವೇ ಎಂಬುದನ್ನು ಬರೆಯಬೇಕು. ಫಾರ್ವರ್ಡ್ ಆಗಿ ಬಂದ ಸಂದೇಶಗಳನ್ನು ಇಲ್ಲಿ ಅಂಟಿಸಬಾರದೆಂದು ವಿನಂತಿ.

ನಿವೃತ್ತ ಮೇಷ್ಟ್ರು: ನಮಸ್ಕಾರ. ನನಗೆ 63 ವರ್ಷ, ತೂಕ 68 ಕಿಲೋ. ನಾಲ್ಕು ತಿಂಗಳ ಅಂತರದಲ್ಲಿ ಮಾಡಿಸಿದ ಎರಡು ಪರೀಕ್ಷೆಗಳಲ್ಲಿ ಇಜಿಎಫ್‌ಆರ್ 51 ಮತ್ತು 49 ಬಂದಿದೆ, ಪೊಟ್ಯಾಸಿಯಂ 4.4, ಊತವಿಲ್ಲ. ಮೂರನೆಯ ಹಂತ ಎಂದು ಕೇಳಿದ ದಿನದಿಂದ ಬಾಳೆಹಣ್ಣು, ಟೊಮೆಟೊ, ಆಲೂಗೆಡ್ಡೆಗಳನ್ನು ಬಿಟ್ಟಿದ್ದೇನೆ. ದಿನಕ್ಕೆ ಎಷ್ಟು ಲೀಟರ್ ನೀರು ಕುಡಿದರೆ ಮೂತ್ರಪಿಂಡ ಶುದ್ಧವಾಗುತ್ತದೆ?

ಆಹಾರತಜ್ಞೆ: ನಮಸ್ಕಾರ ಮೇಷ್ಟ್ರೇ. ನೀರಿನಿಂದ ತೊಳೆದು ಶುದ್ಧ ಮಾಡಲು ಮೂತ್ರಪಿಂಡವೇನು ಪಾತ್ರೆಯಲ್ಲ. ಹೆಚ್ಚು ನೀರು ಕುಡಿಯಬೇಕೆಂಬ ಸಲಹೆ ಮೂತ್ರಪಿಂಡದಲ್ಲಿ ಕಲ್ಲಾಗುವವರದ್ದು. ಅದು ಯಾವಾಗಲೋ ದಾರಿ ತಪ್ಪಿ ನಿಮ್ಮ ಕಾಯಿಲೆಗೂ ಬಂದು ಅಂಟಿಕೊಂಡಿದೆ. ಮೂರನೆಯ ಹಂತದ 631 ರೋಗಿಗಳ ಮೇಲೆ ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ಹೆಚ್ಚು ನೀರು ಕುಡಿಯುವಂತೆ ಹೇಳಿ ಒಂದು ವರ್ಷ ಗಮನಿಸಿದರು. ಮೂತ್ರಪಿಂಡದ ಶಕ್ತಿ ಕುಂದುವ ವೇಗದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಊತವಿಲ್ಲದ, ಮೂತ್ರ ಸರಿಯಾಗಿ ಹೋಗುತ್ತಿರುವ ನಿಮಗೆ ಬಾಯಾರಿಕೆಯೇ ಅಳತೆಗೋಲು. ವಾಂತಿ, ಭೇದಿ, ಬಿಸಿಲಿನ ದುಡಿಮೆ ಇದ್ದ ದಿನ ಮಾತ್ರ ನೀರು ಕಡಿಮೆಯಾಗದಂತೆ ನೋಡಿಕೊಳ್ಳಿ.

ಪೊಟ್ಯಾಸಿಯಂ 4.4 ಇರುವವರು ಬಾಳೆಹಣ್ಣನ್ನು ಬಿಡಬೇಕಾದ ಕಾರಣ ನನಗೆ ಕಾಣುತ್ತಿಲ್ಲ. ಬಿಡಬೇಕಾದದ್ದು ಉಪ್ಪು: ಅಡುಗೆಯದ್ದು, ಪೊಟ್ಟಣದ ತಿಂಡಿಯದ್ದು, ಉಪ್ಪಿನಕಾಯಿಯದ್ದು ಎಲ್ಲ ಸೇರಿ ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಸುಮಾರು ಒಂದು ಟೀ ಚಮಚ.

ಹೊಸ ಸದಸ್ಯೆ: ಮೇಡಂ, ನನಗೆ 44 ವರ್ಷ, ಇಜಿಎಫ್‌ಆರ್ 38, ಪೊಟ್ಯಾಸಿಯಂ 4.7. ಪ್ರೋಟೀನ್ ವಿಷ ಎಂದು ಓದಿ ಬೇಳೆಕಾಳು, ಮೊಟ್ಟೆ, ಹಾಲು ಎಲ್ಲವನ್ನೂ ಮೂರು ತಿಂಗಳಿಂದ ನಿಲ್ಲಿಸಿದ್ದೇನೆ. ತೂಕ 61ರಿಂದ 55ಕ್ಕೆ ಇಳಿದಿದೆ, ಆದರೆ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ಕಸ) ಕೂಡ ಸ್ವಲ್ಪ ಇಳಿದಿರುವುದರಿಂದ ಸಂತೋಷವಾಗಿದೆ. ಇದನ್ನೇ ಮುಂದುವರಿಸಬಹುದೇ?

ಆಹಾರತಜ್ಞೆ: ಮುಂದುವರಿಸಬಾರದು. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ. ಮೂರು ತಿಂಗಳಲ್ಲಿ 6 ಕಿಲೋ ಕರಗಿರುವಾಗ ಅದರಲ್ಲಿ ಸ್ನಾಯುವೂ ಸೇರಿರುತ್ತದೆ, ಆದ್ದರಿಂದ ಮೂತ್ರಪಿಂಡ ಕಿಂಚಿತ್ತೂ ಸುಧಾರಿಸದೆಯೂ ಆ ಅಂಕಿ ಇಳಿದುಬಿಡುತ್ತದೆ. ನೀವು ಸಂತೋಷಪಟ್ಟದ್ದು ಬಹುಶಃ ನಿಮ್ಮ ಸ್ನಾಯು ಸವೆದದ್ದಕ್ಕೆ. ಡಯಾಲಿಸಿಸ್ ಇಲ್ಲದವರಿಗೆ ದೇಹದ ತೂಕದ ಪ್ರತಿ ಕಿಲೋಗೆ 0.8 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ಹಿಡಿದರೂ 44 ಗ್ರಾಂ ಆಯಿತು. ಒಂದು ಮೊಟ್ಟೆಯಿಂದ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಿಂದ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಕಿಲೋಗೆ 1.3 ಗ್ರಾಂ ದಾಟುವ ಪ್ರೋಟೀನ್ ಪುಡಿಗಳ ಅಭ್ಯಾಸ ತಪ್ಪು. ಹಾಗೆಂದು ಬೇಳೆಯ ಮೇಲೆ ಹಗೆ ಸಾಧಿಸುವುದೂ ತಪ್ಪು.

ಪ್ರಕೃತಿಪ್ರಿಯ: ಎಲ್ಲರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಪ್ರತಿದಿನ ಬೆಳಿಗ್ಗೆ ಒಂದು ಕಟ್ಟು ಹಸಿರು ಸೊಪ್ಪನ್ನು ಹಸಿಯಾಗಿ ರುಬ್ಬಿ, ಅದಕ್ಕೆ ಅರ್ಧ ಚಮಚ ಅಡುಗೆ ಸೋಡ ಬೆರೆಸಿ, 4 ಲೀಟರ್ ನೀರಿನ ಜೊತೆ ಕುಡಿದರೆ 90 ದಿನಗಳಲ್ಲಿ ಡಯಾಲಿಸಿಸ್ ತಪ್ಪುತ್ತದೆ. ಸಾವಿರಾರು ಜನ ಗುಣವಾಗಿದ್ದಾರೆ.

ಆಹಾರತಜ್ಞೆ: ಇದನ್ನು ಯಾರೂ ಮಾಡಬೇಡಿ. ಆಕ್ಸಲೇಟ್ ಎಂಬ ಲವಣ ಹೆಚ್ಚಿರುವ ಸೊಪ್ಪುಗಳನ್ನು ಹಸಿಯಾಗಿ ರುಬ್ಬಿ ದಿನವೂ ಕುಡಿದವರಲ್ಲಿ ಆಕ್ಸಲೇಟ್ ಹರಳುಗಳು ಮೂತ್ರಪಿಂಡದಲ್ಲೇ ನೆಲೆನಿಂತು ಅದನ್ನು ಹಾಳುಮಾಡಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಸೋಡ ಎಂದರೆ ಸೋಡಿಯಂ. ರಕ್ತದಲ್ಲಿ ಆಮ್ಲ ಹೆಚ್ಚಾದಾಗ ವೈದ್ಯರು ಅದೇ ವಸ್ತುವನ್ನು ಅಳೆದು ಮಾತ್ರೆಯಾಗಿ ಕೊಡುತ್ತಾರೆ, ಚಮಚದಲ್ಲಿ ಅಂದಾಜು ಮಾಡುವುದಿಲ್ಲ.

ಮಧುಮೇಹಿ 58: ಮೇಡಂ, ದಿನಕ್ಕೆ ಎಷ್ಟು ನೀರು ಕುಡಿಯಬೇಕು?

ಆಹಾರತಜ್ಞೆ: ಮೇಲೆ ಮೇಷ್ಟ್ರಿಗೆ ಬರೆದಿದ್ದೇನೆ. ನಿಮ್ಮ ಅಂಕಿಗಳಿಲ್ಲದೆ ಬೇರೇನೂ ಹೇಳಲಾರೆ.

ಕಿರಿಯ ಮಗ: ನಮ್ಮ ತಂದೆಗೆ 71 ವರ್ಷ, 25 ವರ್ಷಗಳಿಂದ ಮಧುಮೇಹ, ಇಜಿಎಫ್‌ಆರ್ 22. ಹತ್ತು ದಿನಗಳ ಹಿಂದೆ ಪೊಟ್ಯಾಸಿಯಂ 5.7 ಇತ್ತು. ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಮತ್ತು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರಿಂದ ಮೂರು ವಾರಗಳಿಂದ ಕಡಿಮೆ ಸೋಡಿಯಂ ಉಪ್ಪನ್ನೇ ಬಳಸುತ್ತಿದ್ದೇವೆ. ಬೆಳಿಗ್ಗೆ ತರಕಾರಿ ರಸ, ದಿನವಿಡೀ 4 ಲೀಟರ್ ನೀರು ಕೊಡುತ್ತಿದ್ದೇವೆ. ಮೂರು ದಿನಗಳಿಂದ ಮಲವಿಸರ್ಜನೆಯಾಗಿಲ್ಲ. ಊಟ ಸೇರುತ್ತಿಲ್ಲವೆಂದು ನಿನ್ನೆಯಿಂದ ಇನ್ಸುಲಿನ್ ಹಾಕಿಲ್ಲ. ಕಾಲುಗಳು ಮರದ ಕೊರಡಿನಂತೆ ಭಾರವಾಗಿವೆ, ಎದೆ ಆಗಾಗ ತಪ್ಪಿ ಬಡಿದಂತಾಗುತ್ತದೆ ಎನ್ನುತ್ತಾರೆ. ವೈದ್ಯರ ಭೇಟಿ ಇನ್ನೆರಡು ವಾರಗಳಿಗಿದೆ. ಅಲ್ಲಿಯವರೆಗೆ ಶಕ್ತಿ ಬರಲು ಯಾವ ಹಣ್ಣು ಕೊಡಬಹುದು?

ಆಹಾರತಜ್ಞೆ: ಯಾವ ಹಣ್ಣನ್ನೂ ಕೊಡಬೇಡಿ. ಅವರನ್ನು ಈಗಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ, ಪೊಟ್ಯಾಸಿಯಂ ಹೆಚ್ಚಿರಬಹುದೆಂದು ಬಾಗಿಲಲ್ಲೇ ಹೇಳಿ ಮೊದಲು ಇಸಿಜಿ ಮಾಡಿಸಿ. ಮಾತ್ರೆಗಳನ್ನೂ ಆ ಉಪ್ಪಿನ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ಇಷ್ಟು ಓದಿ ಹೊರಡಿ. ಕೆಳಗಿನದನ್ನು ಆಸ್ಪತ್ರೆಯಲ್ಲಿ ಕುಳಿತು ಓದಬಹುದು.

ಮಿಕ್ಕವರಿಗೂ ತಿಳಿಯಲೆಂದು ವಿವರವಾಗಿ ಬರೆಯುತ್ತೇನೆ. ನಾವು ತಿಂದ ಪೊಟ್ಯಾಸಿಯಂನಲ್ಲಿ ಸುಮಾರು ಶೇಕಡಾ 90ರಷ್ಟನ್ನು ಹೊರಹಾಕುವುದು ಮೂತ್ರಪಿಂಡ, ಉಳಿದದ್ದು ಕರುಳಿನ ಪಾಲು. ಇಜಿಎಫ್‌ಆರ್ 22ಕ್ಕೆ ಬಂದವರಲ್ಲಿ ಮೊದಲನೆಯ ದಾರಿ ಕಿರಿದಾಗಿರುತ್ತದೆ; ಟೆಲ್ಮಿಸಾರ್ಟನ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಎರಡೂ, ಹೃದಯಕ್ಕೂ ಮೂತ್ರಪಿಂಡಕ್ಕೂ ಉಪಕಾರ ಮಾಡುತ್ತಲೇ, ಆ ದಾರಿಯನ್ನು ಇನ್ನಷ್ಟು ಕಿರಿದುಗೊಳಿಸುತ್ತವೆ. ಇಂಥ ದೇಹದಲ್ಲಿ ಕರುಳು ತನ್ನ ಪಾಲಿಗಿಂತ ಹೆಚ್ಚು ದುಡಿಯುತ್ತಿರುತ್ತದೆ, ಆದ್ದರಿಂದ ಮೂರು ದಿನಗಳ ಮಲಬದ್ಧತೆಯೂ ಸಣ್ಣ ವಿಷಯವಲ್ಲ. ಇನ್ಸುಲಿನ್ ಸಕ್ಕರೆಯನ್ನಷ್ಟೇ ಅಲ್ಲ, ಪೊಟ್ಯಾಸಿಯಂ ಅನ್ನೂ ರಕ್ತದಿಂದ ಜೀವಕೋಶಗಳ ಒಳಗೆ ತಳ್ಳುತ್ತದೆ. ಅದನ್ನು ನಿಲ್ಲಿಸಿದಾಗ ಆ ಬಾಗಿಲೂ ಮುಚ್ಚಿತು. ಇಷ್ಟಾದ ಮೇಲೆ ನೀವು ಮೇಲಿನಿಂದ ಸುರಿದದ್ದೇನು ನೋಡಿ. ಕಡಿಮೆ ಸೋಡಿಯಂ ಉಪ್ಪುಗಳಲ್ಲಿ ಸೋಡಿಯಂನ ಒಂದು ಪಾಲನ್ನು ತೆಗೆದು ಆ ಜಾಗದಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಅದು ಶೇಕಡಾ 30ರಷ್ಟಿದೆ ಎಂದುಕೊಂಡರೂ 5 ಗ್ರಾಂ ಉಪ್ಪಿನಲ್ಲಿ ಒಂದೂವರೆ ಗ್ರಾಂ ಆಯಿತು, ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು 780 ಮಿಲಿಗ್ರಾಂ, ಶುದ್ಧ ಪೊಟ್ಯಾಸಿಯಂ. ಅದರ ಮೇಲೆ ರಸ: ಕುಳಿತು ತಿನ್ನಲಾಗದಷ್ಟು ತರಕಾರಿಯ ಪೊಟ್ಯಾಸಿಯಂ ಒಂದೇ ಲೋಟದಲ್ಲಿ ಇಳಿದುಹೋಗುತ್ತದೆ.

ಹೆಚ್ಚು ನೀರು ಕುಡಿಸಿದರೆ ಪೊಟ್ಯಾಸಿಯಂ ಕೊಚ್ಚಿಕೊಂಡು ಹೋಗುತ್ತದೆ ಎಂಬುದು ಸುಳ್ಳು. ಈ ಹಂತದಲ್ಲಿ 4 ಲೀಟರ್ ನೀರು ಹೊರಹೋಗಲಾರದೆ ರಕ್ತದ ಸೋಡಿಯಂ ಅನ್ನು ತೆಳುವಾಗಿಸಬಹುದು, ಕಾಲಿಗೂ ಶ್ವಾಸಕೋಶಕ್ಕೂ ಇಳಿಯಬಹುದು. ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕೆಂದು ಹೇಳುವ ಅಧಿಕಾರ ಆಹಾರತಜ್ಞೆಯಾದ ನನಗಿಲ್ಲ; ಅದನ್ನು ಇಂದೇ, ಅಲ್ಲಿನ ವೈದ್ಯರು ತೀರ್ಮಾನಿಸಬೇಕು.

ಪ್ರಕೃತಿಪ್ರಿಯ: ತರಕಾರಿ ರಸ ಕುಡಿದವರನ್ನು ಇಷ್ಟು ಹೆದರಿಸುವ ಅಗತ್ಯವಿತ್ತೇ? ನಿಸರ್ಗ ಕೊಟ್ಟದ್ದು ವಿಷ, ಕಾರ್ಖಾನೆಯ ಮಾತ್ರೆ ಅಮೃತ ಎಂದಾಯಿತು.

ಡಯಾಲಿಸಿಸ್ ಮೂರನೆಯ ವರ್ಷ: ಸ್ವಾಮಿ, ನಾನು ನಿಮ್ಮ ಮಾತನ್ನು ನಿಮಗಿಂತ ಮೊದಲು ನಂಬಿದವನು. ಇಜಿಎಫ್‌ಆರ್ 27 ಇದ್ದಾಗ ಮಾತ್ರೆ ಬಿಟ್ಟು ಎಂಟು ತಿಂಗಳು ಕಷಾಯ ಕುಡಿದೆ. ಕೊನೆಗೆ ಉಸಿರಾಡಲಾಗದೆ ರಾತ್ರೋರಾತ್ರಿ ಆಸ್ಪತ್ರೆ ಸೇರಿ, ಕುತ್ತಿಗೆಗೆ ಕೊಳವೆ ಹಾಕಿಸಿಕೊಂಡು ಮೊದಲ ಡಯಾಲಿಸಿಸ್ ಮಾಡಿಸಿಕೊಂಡೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಪ್ರಕೃತಿಪ್ರಿಯ: ನೀವು ಪಥ್ಯ ಸರಿಯಾಗಿ ಮಾಡಿರಲಿಕ್ಕಿಲ್ಲ. ನಮ್ಮ ಸಂಬಂಧಿಕರೊಬ್ಬರ ಕ್ರಿಯಾಟಿನಿನ್ ಇದೇ ಕಷಾಯದಿಂದ 4ರಿಂದ 3ಕ್ಕೆ ಬಂತು.

ನಿವೃತ್ತ ಮೇಷ್ಟ್ರು: ಅವರ ತೂಕ ಎಷ್ಟು ಇಳಿಯಿತು ಎಂಬುದನ್ನೂ ಹೇಳಿ. ಮೇಡಂ ಇದನ್ನು ಮೇಲೆ ವಿವರಿಸಿದ್ದಾರೆ, ಓದುವ ಸಹನೆ ಇದ್ದರೆ.

ಪ್ರಕೃತಿಪ್ರಿಯ: ಓದುವ ಸಹನೆಯ ಬಗ್ಗೆ ನನಗೆ ಪಾಠ ಬೇಡ. ಗಿಡಮೂಲಿಕೆಯಿಂದ ಮೂತ್ರಪಿಂಡ ಕೆಟ್ಟ ಒಂದೇ ಒಂದು ಉದಾಹರಣೆ ಇದ್ದರೆ ತೋರಿಸಿ.

ಆಹಾರತಜ್ಞೆ: ಇದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಕೊಟ್ಟ ಔಷಧದಲ್ಲಿ ಅರಿಸ್ಟೊಲೋಕಿಯಾ ಜಾತಿಯ ಗಿಡ ಸೇರಿಹೋಗಿ, ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡಗಳು ಹಾಳಾದವು; ಅವರಲ್ಲಿ ಹಲವರಿಗೆ ಮುಂದೆ ಮೂತ್ರಮಾರ್ಗದ ಕ್ಯಾನ್ಸರ್ ಕೂಡ ಬಂತು. ಧಾರೆಹುಳಿ ಹಣ್ಣು (ಸ್ಟಾರ್ ಫ್ರೂಟ್) ಕೂಡ ನಿಸರ್ಗವೇ ಕೊಟ್ಟದ್ದು. ಮೂತ್ರಪಿಂಡ ಸೋತವರು ಅದನ್ನು ತಿಂದರೆ ಬಿಡದ ಬಿಕ್ಕಳಿಕೆ, ಮತಿಭ್ರಮೆ, ಸೆಳವು ಬರಬಹುದು, ಸಾವೂ ಸಂಭವಿಸಿದೆ. ಈ ವಾದಕ್ಕೆ ನಾನು ಇನ್ನು ಬರುವುದಿಲ್ಲ.

ಹೊಸ ಸದಸ್ಯೆ: ಕಾಫಿ ಕುಡಿಯಬಹುದೇ ಮೇಡಂ? ಮತ್ತು ಒಂದು ಮೂತ್ರಪಿಂಡವನ್ನು ದಾನ ಮಾಡಿದ ನನ್ನ ಅಕ್ಕನಿಗೂ ಇದೇ ಪಥ್ಯವೇ?

ಡಯಾಲಿಸಿಸ್ ಮೂರನೆಯ ವರ್ಷ: ಜಗಳವಾಡಿದ್ದಕ್ಕೆ ಕ್ಷಮೆಯಿರಲಿ, ನನ್ನದೂ ಒಂದು ಪ್ರಶ್ನೆ. ಒಣತೂಕ (ಡಯಾಲಿಸಿಸ್‌ನಲ್ಲಿ ಹೆಚ್ಚಿನ ನೀರು ತೆಗೆದ ಮೇಲಿನ ತೂಕ) 60 ಕಿಲೋ, ಮೂತ್ರ ದಿನಕ್ಕೆ 200 ಮಿಲಿಲೀಟರ್. ಒಂದು ಡಯಾಲಿಸಿಸ್‌ನಿಂದ ಇನ್ನೊಂದಕ್ಕೆ ಮೂರೂವರೆ ಕಿಲೋ ಏರುತ್ತಿದೆ. ಬಾಯಾರಿಕೆ ತಡೆಯಲಾಗುತ್ತಿಲ್ಲ.

ಆಹಾರತಜ್ಞೆ: ಮೂರೂವರೆ ಕಿಲೋ ಎಂದರೆ ಮೂರೂವರೆ ಲೀಟರ್, ನಿಮ್ಮ ತೂಕದ ಶೇಕಡಾ 6ರ ಹತ್ತಿರ, ಅದು 4ರ ಒಳಗಿದ್ದರೆ ಹೃದಯಕ್ಕೆ ಕ್ಷೇಮ. ಹಿಂದಿನ ದಿನದ ಮೂತ್ರಕ್ಕೆ 500 ಮಿಲಿಲೀಟರ್ ಸೇರಿಸಿದರೆ ನಿಮ್ಮ ಮಿತಿ 700 ಆಗುತ್ತದೆ, ಸಾರು, ಗಂಜಿ, ಹಾಲು, ಮಂಜುಗಡ್ಡೆ ಎಲ್ಲವೂ ಆ ಲೆಕ್ಕದೊಳಗೆ. ಆದರೆ ನೀರಿನ ಜೊತೆ ಗುದ್ದಾಡುವ ಮೊದಲು ಉಪ್ಪಿನ ಕಡೆ ನೋಡಿ: ದೇಹದಲ್ಲಿ ಉಳಿದುಹೋಗುವ ಪ್ರತಿ 8–9 ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು ಕೇಳಿ ಪಡೆಯುತ್ತದೆ, ಆ ಬಾಯಾರಿಕೆಯನ್ನು ಮನೋಬಲದಿಂದ ಗೆದ್ದವರನ್ನು ನಾನು ಕಂಡಿಲ್ಲ. ಮಧುಮೇಹವಿದ್ದರೆ ಸಕ್ಕರೆಯ ಮಟ್ಟವನ್ನೂ ನೋಡಿಸಿ. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಸೋರಿಹೋಗುವುದರಿಂದ ನಿಮಗೆ ಕಿಲೋಗೆ 1.0ರಿಂದ 1.2 ಗ್ರಾಂ ಬೇಕು, ಮೇಲಿನ 0.8ರ ಲೆಕ್ಕ ನಿಮ್ಮದಲ್ಲ.

ಮಧುಮೇಹಿ 58: ನೀರು ಎಷ್ಟು ಎಂದು ನನಗೆ ಇನ್ನೂ ಯಾರೂ ಹೇಳಿಲ್ಲ. ಇಲ್ಲಿ ಜಗಳವಾಡುವವರಿಗೆ ಮಾತ್ರ ಉತ್ತರ ಸಿಗುತ್ತದೆಯೇ?

ನಿವೃತ್ತ ಮೇಷ್ಟ್ರು: ಅಂಕಿಗಳನ್ನು ಕೇಳಿದ್ದಾರೆ, ಕೊಡದೆ ದೂರುತ್ತೀರಿ.

ಕಿರಿಯ ಮಗ: ಎಲ್ಲರಿಗೂ ನಮಸ್ಕಾರ. ತಡವಾಗಿ ಬರೆಯುತ್ತಿದ್ದೇನೆ. ಪೊಟ್ಯಾಸಿಯಂ 6.9 ಇತ್ತು, ಇಸಿಜಿಯಲ್ಲೂ ಬದಲಾವಣೆ ಕಂಡಿತು. ನರಕ್ಕೆ ಕ್ಯಾಲ್ಸಿಯಂ ಕೊಟ್ಟು, ಗ್ಲೂಕೋಸ್ ಜೊತೆ ಇನ್ಸುಲಿನ್ ಹಾಕಿ, ಎರಡು ರಾತ್ರಿ ಇಟ್ಟುಕೊಂಡರು. ಈಗ 5.2. ಸ್ಪೈರೊನೊಲ್ಯಾಕ್ಟೋನ್ ನಿಲ್ಲಿಸಿದ್ದಾರೆ. ಮನೆಗೆ ಬಂದ ಮೇಲೆ ಊಟ ಹೇಗಿರಬೇಕು?

ಆಹಾರತಜ್ಞೆ: ನಿಮ್ಮ ಸಂದೇಶಕ್ಕಾಗಿ ಎರಡು ದಿನಗಳಿಂದ ಕಾಯುತ್ತಿದ್ದೆ. ಆ ಉಪ್ಪನ್ನು ಮನೆಯಿಂದಲೇ ಹೊರಗೆ ಹಾಕಿ, ಸಾಮಾನ್ಯ ಉಪ್ಪನ್ನೇ ಅಳತೆಯಿಂದ ಬಳಸಿ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿ ಅಡುಗೆ ಮಾಡಿ. ಬರೀ ನೆನೆಸಿಟ್ಟರೆ ಅಷ್ಟು ಪೊಟ್ಯಾಸಿಯಂ ಹೋಗುವುದಿಲ್ಲ. ಭಯದಿಂದ ತರಕಾರಿ, ಹಣ್ಣುಗಳನ್ನು ಪೂರ್ತಿ ನಿಲ್ಲಿಸಿದರೆ ನಾರಿಲ್ಲದೆ ಮತ್ತೆ ಮಲಬದ್ಧತೆಯಾಗುತ್ತದೆ, ಆದ್ದರಿಂದ ದಿನಕ್ಕೊಂದು ಸಣ್ಣ ಸೇಬಿನಂಥ ಹಣ್ಣು ಇರಲಿ, ರಸ ಬೇಡವೇ ಬೇಡ. ಪೊಟ್ಟಣದ ಆಹಾರದ ಪಟ್ಟಿಯಲ್ಲಿ ಫಾಸ್ಫೇಟ್ ಎಂಬ ಪದ ಎಲ್ಲಿ ಕಂಡರೂ ಅದನ್ನು ಬಿಡಿ. ಫಾಸ್ಫೇಟ್ ಎಂದರೆ ರಂಜಕದ ಲವಣ; ಬೇಳೆಕಾಳಿನ ರಂಜಕದಲ್ಲಿ ಅರ್ಧದಷ್ಟು ಕರುಳಿನಲ್ಲೇ ಹಾದುಹೋಗುತ್ತದೆ, ಸೇರಿಸಿದ ಫಾಸ್ಫೇಟ್ ಬಹುಪಾಲು ರಕ್ತಕ್ಕೆ ಸೇರುತ್ತದೆ. ಸಕ್ಕರೆ ದಿಢೀರನೆ ಇಳಿದರೆ ಹಣ್ಣಿನ ರಸ ಕುಡಿಸುವ ಅಭ್ಯಾಸವಿದ್ದರೆ ಅದನ್ನು ಬಿಟ್ಟು ಗ್ಲೂಕೋಸ್ ಅಥವಾ ಸಕ್ಕರೆ ಕೊಡಿ. ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ. ನೀರಿನ ಮಿತಿಯನ್ನು ಬಿಡುಗಡೆಯ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.

ಪ್ರಕೃತಿಪ್ರಿಯ: ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡಿ. ಆ ಹಿರಿಯರಿಗೆ ಅಪಾಯ ತಂದ ಉಪ್ಪು ನನ್ನ ಕಷಾಯದಲ್ಲಿರಲಿಲ್ಲ. ಉಪ್ಪು ಕಡಿಮೆ ಮಾಡಿ ಎಂದವರು ಯಾವ ಉಪ್ಪು ಎಂದು ಏಕೆ ಹೇಳಲಿಲ್ಲ?

ಆಹಾರತಜ್ಞೆ: ಈ ಪ್ರಶ್ನೆ ನ್ಯಾಯವಾದದ್ದು. ನಾನು ರೋಗಿಗಳಿಗೆ ಕೊಡುತ್ತಿದ್ದ ಹಾಳೆಯಲ್ಲೂ ಹಲವು ವರ್ಷ ಉಪ್ಪು ಕಡಿಮೆ ಮಾಡಿ ಎಂಬ ಮೂರೇ ಪದಗಳಿದ್ದವು. ಓದಿದವರು ಅಂಗಡಿಗೆ ಹೋದಾಗ ಅಲ್ಲಿ ಹೃದಯದ ಚಿತ್ರವಿರುವ ಪೊಟ್ಟಣವೇ ಕೈಗೆ ಸಿಗುತ್ತದೆ ಎಂಬುದು, ಇಂಥದ್ದೇ ಇನ್ನೊಬ್ಬ ರೋಗಿಯನ್ನು ನೋಡುವವರೆಗೆ, ನನಗೂ ಹೊಳೆದಿರಲಿಲ್ಲ. ಈಗ ಆ ಸಾಲಿನ ಕೆಳಗೆ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ. ಮಧುಮೇಹಿ 58 ಅವರೇ, ನಿಮ್ಮ ವರದಿಯನ್ನು ಕಳುಹಿಸಿ, ನೋಡುತ್ತೇನೆ.