ಗ್ರಾಫಿಕ್ಸ್ ಕಾರ್ಡ್ ತುಂಬಾ ಬಿಸಿ, ಸದ್ದೂ ಜಾಸ್ತಿ: ದಾವಣಗೆರೆಯವರ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಗಳಿಗೆ ಹತ್ತಿರ. ಮೂರು ವರ್ಷದ ಗೇಮಿಂಗ್ ಕಂಪ್ಯೂಟರ್ ಇದೆ. ಎರಡು ಫ್ಯಾನಿನ, 170 ವ್ಯಾಟ್ ಕಾರ್ಡ್. ಗೇಮ್ ಶುರುವಾದ ಹತ್ತೇ ನಿಮಿಷಕ್ಕೆ 84 ಡಿಗ್ರಿ ಮುಟ್ಟುತ್ತದೆ, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) 106. ಫ್ಯಾನ್ ಸದ್ದಿಗೆ ಪಕ್ಕದ ಕೋಣೆಯಲ್ಲಿ ಅಮ್ಮನಿಗೆ ನಿದ್ದೆ ಇಲ್ಲ.

ಹೋದ ಭಾನುವಾರ ಕ್ಯಾಬಿನೆಟ್ ಬಿಚ್ಚಿದೆ. ಕಾರ್ಡಿನ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕಿನ ಸಂದಿಯಲ್ಲಿ ಧೂಳು ಕಂಬಳಿ ಹಾಸಿದ ಹಾಗೆ ಕೂತಿತ್ತು. ಮುಟ್ಟಿದರೆ ಬೆರಳಿಗೆ ಜಿಡ್ಡು ಜಿಡ್ಡು ಮಸಿ. ಫ್ಯಾನ್ ತಿರುಗದ ಹಾಗೆ ಹಿಡಿದುಕೊಂಡು ಬ್ಲೋವರ್ ಹೊಡೆದೆ, ಉಳಿದದ್ದನ್ನು ಒಣ ಬ್ರಷ್‌ನಿಂದ ತೆಗೆದೆ. ಇಳಿದದ್ದು ಐದೇ ಡಿಗ್ರಿ. ಆಮೇಲೆ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕಾರ್ಡಿನ ಪವರ್ ಲಿಮಿಟ್ ಶೇ. 80ಕ್ಕೆ ತಂದೆ, ಆಟವನ್ನು ಸೆಕೆಂಡಿಗೆ 60 ಫ್ರೇಮ್‌ಗೆ ನಿಲ್ಲಿಸಿದೆ. ಈಗ 74. ಸದ್ದೂ ಸ್ವಲ್ಪ ತಗ್ಗಿದೆ, ಆಟದಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಹಾಟ್‌ಸ್ಪಾಟ್ ಮಾತ್ರ 96ರಲ್ಲೇ ನಿಂತಿದೆ. ಇಷ್ಟು ಅಂತರ ಅಂದರೆ ಚಿಪ್‌ಗೂ ಹೀಟ್‌ಸಿಂಕಿಗೂ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬೇಕು, ಅಲ್ವಾ?

ಪೇಸ್ಟ್ ನಾನೇ ಬದಲಾಯಿಸಬಲ್ಲೆ. ಭಯ ಇರುವುದು ಮೆಮೊರಿ ಚಿಪ್ ಮೇಲಿನ ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತನೆ ಪಟ್ಟಿ) ಬಗ್ಗೆ. ಅದು ಹರಿದರೆ ಅದೇ ದಪ್ಪದ್ದೇ ಬೇಕು. ದಪ್ಪ ಜಾಸ್ತಿಯಾದರೆ ಹೀಟ್‌ಸಿಂಕ್ ಮುಖ್ಯ ಚಿಪ್‌ಗೆ ಸರಿಯಾಗಿ ಕೂರುವುದಿಲ್ಲ. ಇಲ್ಲಿ ಎರಡು ಅಂಗಡಿಯಲ್ಲಿ ಕೇಳಿದೆ. ಪೇಸ್ಟ್ ಇದೆ, ಪ್ಯಾಡ್ ಇಲ್ಲ. ಊರಲ್ಲಿ ಅಥವಾ ಚಿತ್ರದುರ್ಗದಲ್ಲಿ ಎಲ್ಲಾದರೂ ಸಿಗುತ್ತಾ? ಅಂಡರ್‌ವೋಲ್ಟ್ (ಚಿಪ್‌ಗೆ ಕೊಡುವ ವೋಲ್ಟೇಜ್ ತಗ್ಗಿಸುವುದು) ಮಾಡಿ ನೋಡಿದವರಿದ್ದರೆ ಎಷ್ಟಕ್ಕೆ ಇಳಿಸಿದಿರಿ ಅಂತಲೂ ಹೇಳಿ. ಮುಂದಿನ ತಿಂಗಳು ಏಪ್ರಿಲ್. ನಮ್ಮದು ಮೇಲಿನ ಮಹಡಿ, ಮಧ್ಯಾಹ್ನ ಕೋಣೆಯೇ ಕಾದ ಹೆಂಚು. ಅಷ್ಟರೊಳಗೆ ಇದನ್ನು ಸರಿಮಾಡಬೇಕು.